ಹಿಡಿ ಅಕ್ಕಿ

ಭಾನುವಾರ, 18 ಜನವರಿ 2026
ಪುಷ್ಯ ಬಹುಳ ಅಮಾವಾಸ್ಯೆ

ದಾನಕ್ಕೆಂದು ದಿನಾ ಎತ್ತಿಟ್ಟ ಹಿಡಿ ಅಕ್ಕಿಯ ಡಬ್ಬ ಬರಿದು ಮಾಡುವ ದಿನ ಇವತ್ತು. ಅಮಾವಾಸ್ಯೆಯೇ ಆಗಬೇಕೆಂದೇನಿಲ್ಲ, ಹುಣ್ಣಿಮೆಗೆ ಮಾಡುವವರೂ ಉಂಟು. ತಿಂಗಳಿಗೊಮ್ಮೆ ಆಗಲೇಬೇಕು ಅನ್ನುವುದಕ್ಕೆ ಮಾತ್ರ ಗಟ್ಟಿ ಕಾರಣವಿದೆ: ಹುಳ. ಅಕ್ಕಿಯ ಸೊಂಡಿಲು ಹುಳ ಕಾಳನ್ನು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ಮರಿ ಕಾಳಿನ ಒಳಗೇ ತಿಂದು ಬೆಳೆದು, ನಮ್ಮ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಹೊರಗೆ ಬರುತ್ತದೆ. ಅಷ್ಟರೊಳಗೆ ಡಬ್ಬ ಖಾಲಿಯಾಗಿ ಬಿಸಿಲು ಕಂಡರೆ ಎರಡನೇ ಸಂಸಾರ ಹೂಡಲು ಅದಕ್ಕೆ ಜಾಗವಿಲ್ಲ. ಎರಡು ತಿಂಗಳು ಬಿಟ್ಟರೆ ಕೊಡುವ ಹೊತ್ತಿಗೆ ಅಕ್ಕಿಗಿಂತ ಹಿಟ್ಟೇ ಜಾಸ್ತಿ.

ಕ್ರಮ ಗೊತ್ತಿಲ್ಲದವರಿಗಾಗಿ ಬರೆದಿಡುತ್ತೇನೆ. ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ಡಬ್ಬಕ್ಕೆ ಹಾಕುವುದು, ತಿಂಗಳು ತುಂಬಿದ ಮೇಲೆ ಅದನ್ನು ಮಠಕ್ಕೋ, ದೇವಸ್ಥಾನದ ಅನ್ನದಾನಕ್ಕೋ, ಇಲ್ಲದವರ ಮನೆಗೋ ಮುಟ್ಟಿಸುವುದು. ಮಂತ್ರವಿಲ್ಲ, ಮಡಿ ಇಲ್ಲ, ಪುರೋಹಿತರಿಲ್ಲ. ಒಲೆ ಮುಂದೆ ಯಾರಿದ್ದಾರೋ ಅವರದೇ ಹಿಡಿ. ಕೈ ಮಾತ್ರ ಒಣಗಿರಬೇಕು. ತರಕಾರಿ ತೊಳೆದ ಕೈಯನ್ನೇ ಡಬ್ಬಕ್ಕೆ ಹಾಕಿದರೆ ಅಕ್ಕಿ ಗಂಟು ಕಟ್ಟುತ್ತದೆ, ಮಳೆಗಾಲವಾದರೆ ನಾಲ್ಕೇ ದಿನಕ್ಕೆ ಬೂಸಲು ವಾಸನೆ.

ತಕರಾರು ಇರುವುದು ಒಂದೇ ಕಡೆ. ಹಿಡಿಯನ್ನು ಮೂಟೆಯಿಂದ ತೆಗೆಯಬೇಕೋ, ಪಾವಿನಲ್ಲಿ ಅಳೆದಾದ ಮೇಲೆ ಅದರಿಂದ ತೆಗೆಯಬೇಕೋ? ಮೂಟೆಯಿಂದ ತೆಗೆಯುವುದು ಸುಲಭ, ಮನೆಯ ಅನ್ನಕ್ಕೆ ಏನೂ ಕಡಿಮೆಯಾಗುವುದಿಲ್ಲ. ಹಾಗಾಗಿಯೇ ನನಗೆ ಅದು ಒಪ್ಪಿಗೆಯಿಲ್ಲ. ಮನೆಮಂದಿಗೆಂದು ಎರಡು ಪಾವು ಅಳೆದು, ತೊಳೆಯುವ ಮುಂಚೆ ಆ ಪಾತ್ರೆಯಿಂದಲೇ ಹಿಡಿ ಎತ್ತಿದರೆ, ಆ ಹೊತ್ತು ಮನೆಯಲ್ಲಿ ಅಷ್ಟು ಅನ್ನ ಕಮ್ಮಿ. ಯಾರೂ ಉಪವಾಸ ಬೀಳುವುದಿಲ್ಲ, ಕೊನೆಯಲ್ಲಿ ಮಜ್ಜಿಗೆಗೆ ಕಲಸುವ ಒಂದು ತುತ್ತು ತಗ್ಗುತ್ತದೆ, ಅಷ್ಟೆ. ಆದರೆ ಕೊಟ್ಟದ್ದು ನಮ್ಮ ಪಾಲಿನದು ಎಂದು ದಿನಕ್ಕೆರಡು ಸಲ ಕೈಗೆ ಗೊತ್ತಾಗುತ್ತದೆ. ದೇವರು ನಮಗೆ ಅನ್ನ ಕೊಟ್ಟಿದ್ದಾನೆ ಎಂದು ಬಾಯಲ್ಲಿ ಹೇಳುವುದು ಬೇರೆ, ತಟ್ಟೆಗೆ ಬರಬೇಕಿದ್ದುದನ್ನು ಎತ್ತಿಟ್ಟು ಹೇಳುವುದು ಬೇರೆ. ಉಂಡು ಉಳಿದ ಅನ್ನ ಕೊಡುವುದು ಇದಕ್ಕೆ ಸಮವಲ್ಲ. ಅದು ಬೇರೆ ಒಳ್ಳೆಯ ಕೆಲಸ.

ಲೆಕ್ಕ ಹೀಗೆ. ದೊಡ್ಡವರ ಮುಚ್ಚಿದ ಹಿಡಿಯಲ್ಲಿ 30ರಿಂದ 40 ಗ್ರಾಂ ಅಕ್ಕಿ ನಿಲ್ಲುತ್ತದೆ. ಎರಡು ಹೊತ್ತು ಅನ್ನ ಮಾಡುವ ಮನೆಯಲ್ಲಿ ತಿಂಗಳಿಗೆ ಎರಡು ಕಿಲೋ ಚಿಲ್ಲರೆ. ಒಬ್ಬರ ಊಟಕ್ಕೆ 100 ಗ್ರಾಂ ಹಿಡಿದರೆ ಇಪ್ಪತ್ತು ಎಲೆಗೆ ಬಡಿಸಬಹುದು. ಒಂದು ಬೀದಿಯ ಐವತ್ತು ಮನೆ ಸೇರಿದರೆ ಕ್ವಿಂಟಾಲು ದಾಟುತ್ತದೆ. ಮಕ್ಕಳು ಹಾಕುತ್ತೇನೆಂದು ಹಟ ಹಿಡಿದರೆ ಬಿಡಬೇಕು, ಅವರ ಹಿಡಿ ಚಿಕ್ಕದೆಂದು ಮೇಲೆ ಇನ್ನೊಂದು ಹಿಡಿ ಸೇರಿಸಿ ಸರಿಮಾಡಲು ಹೋಗಬಾರದು.

ರೊಟ್ಟಿ ಉಣ್ಣುವ ಕಡೆ ಲೆಕ್ಕವೇ ಬೇರೆ. ಅಲ್ಲಿ ದಿನಾ ಕೈಗೆ ಬರುವುದು ಹಿಟ್ಟು, ಕಾಳಲ್ಲ. ಜೋಳದ ಹಿಟ್ಟನ್ನು ಎತ್ತಿಡಬಾರದು. ಹಳತಾದಷ್ಟೂ ಜಿಗಿ ಹೋಗಿ, ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ, ರುಚಿಯೂ ಕಹಿ. ಆದ್ದರಿಂದ ಗಿರಣಿಗೆ ಕಳಿಸುವ ಮುಂಚೆ ಕಾಳಿನಲ್ಲೇ ತೆಗೆದಿಡುವುದು ಸರಿ: ನಾಲ್ಕು ಕಿಲೋ ಜೋಳಕ್ಕೆ ಒಂದು ಬೊಗಸೆ. ದಿನನಿತ್ಯದ ಅಭ್ಯಾಸ ವಾರಕ್ಕೊಮ್ಮೆಯದಾಗುತ್ತದೆ, ಆಗಲಿ.

ಡಬ್ಬವನ್ನು ಮೊರಕ್ಕೆ ಸುರಿದಾಗ ಒಂದು ತಿಂಗಳ ಅಡುಗೆಮನೆಯೇ ಹರಡಿಕೊಳ್ಳುತ್ತದೆ. ಸೋನಾ ಮಸೂರಿಯ ಸಣ್ಣ ಕಾಳು, ಹಬ್ಬಕ್ಕೆ ತಂದ ಉದ್ದನೆಯದು, ನಡುನಡುವೆ ಭತ್ತ ಬೇಯಿಸಿ ಮಾಡಿದ ಕುಸುಬಲಕ್ಕಿಯ ದಪ್ಪ ಕಾಳಿನ ಮೈಮೇಲೆ ಕೆಂಪು ಗೆರೆ. ತಳದಲ್ಲಿ ಬಿಳಿ ಪುಡಿ ಕಂಡರೆ ಹುಳ ಕೆಲಸ ಶುರುಮಾಡಿದೆ ಎಂದರ್ಥ. ಪಕ್ಕೆಯಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತಿರುವ ಕಾಳು ಸಿಕ್ಕರೆ ಅನುಮಾನವೇ ಬೇಡ. ಹಸನು ಮಾಡಿ, ಬೆಳಗಿನ ಬಿಸಿಲಿಗೆ ತೆಳ್ಳಗೆ ಹರವಿದರೆ ಹುಳ ತಾನಾಗಿ ಹರಿದು ಆಚೆ ಹೋಗುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿಗೆ ದಿನವಿಡೀ ಬಿಟ್ಟರೆ ಅಕ್ಕಿ ಬಿರುಕು ಬಿಟ್ಟು, ಬೇಯಿಸಿದಾಗ ನುಚ್ಚಾಗುತ್ತದೆ. ಡಬ್ಬ ತೊಳೆದು ಪೂರ್ತಿ ಒಣಗಿಸಿ, ತಳಕ್ಕೆ ನೆರಳಲ್ಲಿ ಒಣಗಿಸಿದ ಬೇವಿನೆಲೆ ಹಾಕಬೇಕು. ಹಸಿ ಎಲೆ ಬೇಡ, ಅದರ ತೇವವೇ ಸಾಕು ಕೆಡಿಸಲು.

ರೇಷನ್ ಅಕ್ಕಿ ಬೆರೆತಿದ್ದರೆ ಒಂದು ಮಾತು. ನೀರಿನಲ್ಲಿ ತೇಲುವ, ಬಣ್ಣದಲ್ಲಿ ಕೊಂಚ ಬೇರೆ ಕಾಣುವ ಕಾಳನ್ನು ಪ್ಲಾಸ್ಟಿಕ್ ಎಂದು ಆರಿಸಿ ಬಿಸಾಡುವವರು ಇನ್ನೂ ಇದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿದ ಸಾರವರ್ಧಿತ ಅಕ್ಕಿ. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿದರೆ ಪಡೆಯುವವರ ಪಾಲಿನ ಸತ್ವವನ್ನೇ ತೆಗೆದಂತೆ.

ಕಾಳು ಆಯುವುದು ಎಂದಾಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ನೆನಪಾಗದೆ ಇರುವುದಿಲ್ಲ. 12ನೇ ಶತಮಾನ, ಕಲ್ಯಾಣ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದರಲ್ಲೇ ದಾಸೋಹ. ಒಂದು ದಿನ ಅವನು ಮಾಮೂಲಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಇಷ್ಟು ಅಕ್ಕಿಯ ಆಸೆ ನಿಮಗೇಕೆ ಎಂದು ಗದರಿ, ಹೆಚ್ಚಾದುದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು. ದಾನದ ಕಥೆಗಳಲ್ಲಿ ಸಾಮಾನ್ಯವಾಗಿ ಕೊಟ್ಟವನೇ ದೊಡ್ಡವನು. ಇಲ್ಲಿ ಹೆಂಡತಿಯ ಕಣ್ಣಳತೆಯೇ ದೊಡ್ಡದು: ದಾಸೋಹಕ್ಕೇ ಆದರೂ ಅಗತ್ಯಕ್ಕಿಂತ ಹೆಚ್ಚು ಬೇಡ ಎನ್ನುವ ನಂಬಿಕೆ, ನಾಳೆಯದು ನಾಳೆ ಸಿಗುತ್ತದೆ ಎಂಬ ಧೈರ್ಯ. ಹಿಡಿ ಅಕ್ಕಿಯ ಡಬ್ಬ ಬೇಗ ತುಂಬಲಿ ಎಂದು ಒಂದೇ ಸಲ ಎರಡು ಸೇರು ಸುರಿಯುವವರಿಗೆ ಲಕ್ಕಮ್ಮನ ನೆನಪು ಮಾಡಬೇಕು.

ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ದಾಸೋಹ ನಿಂತಿದ್ದು ಭಕ್ತರ ಮನೆಗಳ ದವಸದ ಮೇಲೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ರಾಗಿ, ಅಕ್ಕಿ ಕೂಡಿಸುತ್ತಿದ್ದುದನ್ನು ಆ ಸೀಮೆಯ ಹಿರಿಯರು ಈಗಲೂ ಹೇಳುತ್ತಾರೆ. ಹವ್ಯಕರ ಮನೆಗಳಲ್ಲಿ ಇದಕ್ಕೆ ಮುಷ್ಟಿಭಿಕ್ಷೆ ಎನ್ನುತ್ತಾರೆ. ಇದು ನಮ್ಮವರದೇ ಸ್ವತ್ತು ಎಂದೂ ಬೀಗುವಂತಿಲ್ಲ. ಮಿಜೋರಾಂನ ಪ್ರೆಸ್ಬಿಟೇರಿಯನ್ ಚರ್ಚಿನ ಹೆಂಗಸರು 1910ರಿಂದ ಬುಹ್‌ಫಾಯ್ ಥಾಮ್ ಎಂದು ಇದನ್ನೇ ಮಾಡುತ್ತಾ ಬಂದಿದ್ದಾರೆ: ಪ್ರತಿ ಅಡುಗೆಗೂ ಒಂದು ಹಿಡಿ, ಆಮೇಲೆ ಮಾರಿ ಬಂದ ಹಣ ಚರ್ಚಿನ ಕೆಲಸಕ್ಕೆ.

ದಿನಾ ಅಕ್ಕಿ ಯಾಕೆ, ತಿಂಗಳಿಗೊಮ್ಮೆ ಫೋನಿನಲ್ಲಿ ನೂರು ರೂಪಾಯಿ ಕಳಿಸಿದರಾಗದೇ? ಪಡೆಯುವವರಿಗೆ ಬಹುಶಃ ಅದೇ ಅನುಕೂಲ, ಕಳಿಸಿ. ಆದರೆ ಹಣ ಕಳಿಸುವುದು ತಿಂಗಳಿಗೆ ಒಂದು ಕ್ಷಣದ ಕೆಲಸ. ಹಿಡಿ ಎತ್ತುವುದು ತಿಂಗಳಿಗೆ ಅರವತ್ತು ಸಲ. ಚಿಲ್ಲರೆಯನ್ನು ದಿನಾ ಎತ್ತಿಡುವುದರ ಬಲ ನಮ್ಮ ಉಡುಪಿಯವರಿಗೆ ಚೆನ್ನಾಗಿ ಗೊತ್ತಿತ್ತು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ 1928ರಲ್ಲಿ ಶುರುವಾದದ್ದು ದಿನಕ್ಕೆ ಎರಡಾಣೆಯಿಂದ.

ಅಭ್ಯಾಸ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ತಿಂಗಳ ಕೊನೆಗೆ ಮನೆಯ ಅಕ್ಕಿ ಮುಗಿದಾಗ ಇದೇ ಡಬ್ಬಕ್ಕೆ ಕೈ ಹೋಗುತ್ತದೆ, ಆಮೇಲೆ ತುಂಬಿಸೋಣ ಎಂದುಕೊಳ್ಳುತ್ತೇವೆ. ಸಾಲ ತೀರುವುದೇ ಇಲ್ಲ. ಡಬ್ಬವನ್ನು ದಿನಸಿಯ ಕಪಾಟಿನಲ್ಲಿಡದೆ ದೇವರ ಗೂಡಿನ ಪಕ್ಕ ಇಡುವುದು ಇದಕ್ಕೇ. ಇನ್ನೊಂದು, ಕುಕ್ಕರ್ ಇಡುವವರು ಒಬ್ಬರು, ಅಳೆದಿಡುವವರು ಇನ್ನೊಬ್ಬರು ಆದಾಗ ಇಬ್ಬರೂ ಮರೆಯುತ್ತಾರೆ. ಅಕ್ಕಿ ಅಳೆಯುವ ಪಾವನ್ನೇ ಹಿಡಿ ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಇಟ್ಟರೆ ಮರೆಯುವುದು ಕಷ್ಟ. ಮರೆತ ದಿನದ್ದನ್ನು ಮಾರನೇ ದಿನ ಸೇರಿಸಿ ತೀರಿಸಬೇಕಿಲ್ಲ, ಹೋದದ್ದು ಹೋಯಿತು.

ಕೊಡುವಾಗ ಮೊದಲು ವಿಚಾರಿಸಿ. ದೊಡ್ಡ ಅಡುಗೆಮನೆಗಳು ಒಂದೇ ತಳಿಯ ಅಕ್ಕಿಯ ಮೇಲೆ ನೀರು, ಹೊತ್ತು ಗೊತ್ತುಮಾಡಿಕೊಂಡಿರುತ್ತವೆ, ಹತ್ತು ಮನೆಯ ಬೆರಕೆ ಅಕ್ಕಿ ಅವರಿಗೆ ತಲೆನೋವು. ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿ ಇಪ್ಪತ್ತು ನಿಮಿಷಕ್ಕೆ ಬೆಂದರೆ ಕುಸುಬಲಕ್ಕಿಗೆ ಮುಕ್ಕಾಲು ಗಂಟೆಯೂ ಸಾಲದು. ಒಂದು ಮುದ್ದೆಯಾಗುವ ಹೊತ್ತಿಗೆ ಇನ್ನೊಂದು ಹಲ್ಲಿಗೆ ಸಿಗುತ್ತದೆ. ಸುಗ್ಗಿಯ ಈ ದಿನಗಳಲ್ಲಿ ಹೊಸ ಅಕ್ಕಿ, ಹಳೆ ಅಕ್ಕಿ ಬೆರೆತರೂ ಅದೇ ಪಾಡು; ಹೊಸದು ಕಡಿಮೆ ನೀರಲ್ಲೇ ಅಂಟಾಗುತ್ತದೆ. ಎರಡು ಬಗೆ ಬಳಸುವ ಮನೆಯಲ್ಲಿ ಎರಡು ಡಬ್ಬ ಇಡುವುದು ಲೇಸು. ಮಠದವರು ತೆಗೆದುಕೊಳ್ಳದಿದ್ದರೆ ಗುರುತಿನ, ಒಂಟಿಯಾಗಿರುವ ಅಜ್ಜಿಗೋ, ಕೂಲಿ ತಪ್ಪಿದ ಮನೆಗೋ ಕೊಡಿ. ಸುಮ್ಮನೆ ಅಕ್ಕಿ ಎಂದು ಕೊಟ್ಟರೆ ಸಾಕು, ಹಿಡಿ ಅಕ್ಕಿ ಎಂದು ಹೇಳಿ ಋಣ ಹೊರಿಸಬೇಡಿ. ಫೋಟೋ ಅಂತೂ ಬೇಡವೇ ಬೇಡ.

ಈಗಾಗಲೇ ಬೆರೆತುಹೋದದ್ದನ್ನು ಅನ್ನಕ್ಕೆಂದು ಕೊಡಬೇಡಿ, ದೋಸೆಗೆ ಎಂದು ಹೇಳಿಯೇ ಕೊಡಿ. ಮೂರು ಪಾವು ಬೆರಕೆ ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಕುಸುಬಲಕ್ಕಿ ಇರುವುದರಿಂದ ನಾಲ್ಕು ಗಂಟೆ ನೆನೆದರೆ ಸಾಲದು, ಎಂಟು ಗಂಟೆಯಾದರೂ ಬೇಕು. ಇಲ್ಲದಿದ್ದರೆ ಎಷ್ಟು ರುಬ್ಬಿದರೂ ಹಿಟ್ಟು ತರಿಯಾಗೇ ಉಳಿದು, ದೋಸೆ ಕಾವಲಿಯಿಂದ ಏಳುವಾಗ ನಡುವೆ ಹರಿಯುತ್ತದೆ.