“ನನಗೆ ಮಾತ್ರ ಯಾಕೆ ಆಗುವುದಿಲ್ಲ?”

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಪೆರ್ಲದವರೆಗೆ ಯಾವ ಬಾಣಂತಿಯ ಹತ್ತಿರ ಕೂತರೂ ಇದೇ ಪ್ರಶ್ನೆ. “ಬೇರೆಯವರೆಲ್ಲ ಮಗುವನ್ನು ಎಷ್ಟು ಚಂದ ನೋಡಿಕೊಳ್ಳುತ್ತಾರೆ! ನನಗೆ ಹಾಲೇ ಸಾಲುವುದಿಲ್ಲ. ನಾನೆಂತಹ ಅಮ್ಮ?” ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ. ಇಲ್ಲಿ ಓದಿಕೊಳ್ಳಿ.

ನಿಮಗೆ ಮಾತ್ರ ಅಲ್ಲ. ಕೆಲಸ ಸರಿಯಾಗಿ ನಡೆಯುತ್ತಿದ್ದರೂ “ನನ್ನ ಬಂಡವಾಳ ಇಂದಲ್ಲ ನಾಳೆ ಬಯಲಾಗುತ್ತದೆ” ಎಂದು ಹೆದರುವುದಕ್ಕೆ ಪಾಲಿನ್ ಕ್ಲ್ಯಾನ್ಸ್, ಸುಜಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇಂಪೋಸ್ಟರ್ ಫಿನಾಮಿನನ್ ಎಂದು ಹೆಸರಿಟ್ಟರು. ಅವರು ಗಮನಿಸಿದ್ದು ಓದಿನಲ್ಲಿ, ಉದ್ಯೋಗದಲ್ಲಿ ಮುಂದೆ ಬಂದ ಹೆಂಗಸರನ್ನು. ಅಂಥವರಿಗೆ ತೋರಿಸಲು ಅಂಕಪಟ್ಟಿಯಾದರೂ ಇರುತ್ತದೆ. ಬಾಣಂತಿಗೆ ನೋಡಲು ಬಂದವರ ಬಾಯಿಯೇ ಅಳತೆಗೋಲು. “ಮಗು ಸೊರಗಿದೆಯಲ್ಲ” ಎಂದು ಒಬ್ಬರು ಹೇಳಿ ಹೋದರೆ ಆ ರಾತ್ರಿಯ ನಿದ್ದೆ ಹೋಯಿತು.

ಬಾಯಿಮಾತು ಬಿಟ್ಟು ಲೆಕ್ಕ ನೋಡಿ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಶೇಕಡಾ 10ಕ್ಕಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. ಎರಡು ವಾರದೊಳಗೆ ಹುಟ್ಟುವಾಗಿದ್ದ ತೂಕಕ್ಕೆ ಮರಳಬೇಕು. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 25–30 ಗ್ರಾಂ ಏರಬೇಕು. ಐದನೇ ದಿನದಿಂದ 24 ಗಂಟೆಯಲ್ಲಿ ಆರು ಸಲವಾದರೂ ಮೂತ್ರ ಹೋಗಬೇಕು, 8ರಿಂದ 12 ಸಲ ಹಾಲು ಕುಡಿಯಬೇಕು. ತೂಗುವಾಗ ಬಟ್ಟೆ ಬಿಚ್ಚಿ, ಪ್ರತಿ ಸಲವೂ ಅದೇ ತಕ್ಕಡಿಯಲ್ಲಿ. ಇಷ್ಟು ಸರಿಯಿದ್ದರೆ ನಿಮ್ಮ ಹಾಲು ಸಾಲುತ್ತಿದೆ.

ಎಡವುವುದು ಎಲ್ಲಿ ಗೊತ್ತಾ? ಸಂಜೆ ಹೊತ್ತು ಮಗು ಎದೆ ಬಿಡದೆ ಚೀಪುತ್ತದೆ, ಅಳುತ್ತದೆ. ಆರು ವಾರದ ಆಸುಪಾಸಿನಲ್ಲಿ ಎದೆಯ ಬಿಗಿ ಇಳಿದು ಮೆತ್ತಗಾಗುತ್ತದೆ. ಎರಡೂ ಸಹಜ. ಆದರೆ ಮನೆಯವರಿಗೆ ಹಾಲು ಬತ್ತಿದಂತೆ ಕಾಣುತ್ತದೆ, ಡಬ್ಬದ ಹಾಲು ಬರುತ್ತದೆ. ಬಾಟಲಿ ಕುಡಿದ ಮಗು ಮಲಗಿಬಿಡುತ್ತದೆ, ಎದೆ ಬರಿದಾಗುವುದಿಲ್ಲ. ಬರಿದಾಗದಿದ್ದರೆ ದೇಹ ಹಾಲು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಹೀಗೆ ಇಲ್ಲದ ಕೊರತೆ ನಿಜವಾಗಿಯೂ ಹುಟ್ಟಿಕೊಳ್ಳುತ್ತದೆ, ದೂರು ಮಾತ್ರ ತಾಯಿಯ ತಲೆಗೆ.

ಅದಿರಲಿ, ಪ್ರತಿ ಸಲವೂ ಅವಳೇ ಯಾಕೆ ಕೇಳಬೇಕು? “ಇವಳು ಒಂದೇ ಸಮನೆ ಎಷ್ಟು ಹೊತ್ತು ಮಲಗಿದಳು?” ಎಂದು ಗಂಡನೋ ಅತ್ತೆಯೋ ಒಮ್ಮೆ ಕೇಳಿದ್ದರೆ ನಾನು ಖುಷಿಯಿಂದ ಉತ್ತರ ಹೇಳುತ್ತಿದ್ದೆ. ಹಾಲು ಕೊಡುವುದಷ್ಟೇ ಅವಳ ಪಾಲು. ಕೊಟ್ಟು ಮುಗಿದ ಕೂಡಲೇ ಮಗುವನ್ನು ನೀವು ಎತ್ತಿಕೊಳ್ಳಿ. ಹೆಗಲಿಗೆ ಹಾಕಿ ತೇಗು ಬರಿಸಿ, ಒದ್ದೆ ಬಟ್ಟೆ ಬದಲಿಸಿ, ಅಂಗಾತ ಮಲಗಿಸಿ. ಮುಂದಿನ ಹಾಲಿನ ಹೊತ್ತಿಗೆ ಮಾತ್ರ ಅವಳನ್ನು ಎಬ್ಬಿಸಿ.

ಹೆರಿಗೆಯಾಗಿ ಮೂರು-ನಾಲ್ಕು ದಿನಕ್ಕೆ ತಾಯಿಗೆ ಬರುವ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ಅದು ದಾಟಿಯೂ ಅಳು ನಿಲ್ಲದೆ, ಊಟ ಸೇರದೆ, ಮಗು ಮಲಗಿದಾಗಲೂ ನಿದ್ದೆ ಬಾರದೆ ಇದ್ದರೆ ಖಿನ್ನತೆ ಇರಬಹುದು. ಅದಕ್ಕೆ ಮದ್ದು ಉಂಟು, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದವೂ ಉಂಟು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡಬೇಕೆಂದು ಮೊದಲೇ ಹೇಳಿ. ಸಾಯುವ ಯೋಚನೆಯೋ ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆಯೋ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡಿ.

ಡಾಕ್ಟರಿಗೆ ಕನ್ನಡ ಬಾರದಿದ್ದರೆ ಮಲಯಾಳ ಗೊತ್ತಿರುವ ಗೆಳತಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆದುಕೊಂಡು ಹೋಗಿ. ಹೇಳಬೇಕಾದ್ದು ಅತ್ತೆಮನೆಯ ವಿಷಯವಾದರೆ, ಅತ್ತೆಯನ್ನೇ ದುಭಾಷಿ ಮಾಡಿಕೊಳ್ಳಬೇಡಿ.