ಮಳೆ ಬರುತ್ತಿದೆಯೇ?

ಕೊಡೈಕೆನಾಲಿನಿಂದ ಮರಳಿ ನಾಲ್ಕು ದಿನವಾಯಿತು. ಮಂಡಿಗಳು ಇನ್ನೂ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತವೆ. ಅದಾದರೂ ವಾಸಿಯಾಗುತ್ತದೆ. ಆ ಪ್ರಶ್ನೆಯೊಂದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನಂತೆ ಕೂತಿದೆ.

ನಾನು ಹೋಗಿದ್ದ, ಅಲ್ಲೇ ಹತ್ತಿರದ ಪೆರುಮಾಳ್‌ಮಲೈಯ ಝೆನ್ ಧ್ಯಾನಕೇಂದ್ರ ಬೋಧಿ ಝೆಂಡೋ, ಜೆಸ್ವಿಟ್ ಪಾದ್ರಿ ಆಮಾ ಸಾಮಿಯವರು ಜಪಾನಿನ ಝೆನ್ ಗುರು ಯಮದಾ ಕೋಉನ್ ಅವರಲ್ಲಿ ಕಲಿತು ಬಂದು 1996ರಲ್ಲಿ ಆರಂಭಿಸಿದ ಜಾಗ. ನಮ್ಮ ಧ್ಯಾನ ಚೀನಾದಲ್ಲಿ ಚಾನ್ ಆಗಿ, ಜಪಾನಿನಲ್ಲಿ ಝೆನ್ ಆಗಿ, ಒಬ್ಬ ಪಾದ್ರಿಯ ಕೈಹಿಡಿದು ಪಳನಿ ಬೆಟ್ಟಗಳಿಗೆ ವಾಪಸಾದದ್ದು ನನಗೆ ಇಂದಿಗೂ ಸೋಜಿಗ. ಈ ಸಲದ ಸೆಶಿನ್, ಅಂದರೆ ಹಲವು ದಿನಗಳ ಮೌನ ಧ್ಯಾನ ಶಿಬಿರ, ನಡೆಸಿಕೊಟ್ಟವರು ಬೇರೊಬ್ಬ ಗುರುಗಳು.

ಮೂರನೆಯ ದಿನ ಮಧ್ಯಾಹ್ನ, ಗೋಡೆಗೆ ಮುಖಮಾಡಿ ಉಸಿರೆಣಿಸುತ್ತಿದ್ದಾಗ ಮಳೆ ಶುರುವಾಯಿತು. ಎಣಿಕೆ ಎಲ್ಲಿ ತಪ್ಪಿತೋ ತಿಳಿಯದು. ಸೂರಿನ ಮೇಲೆ ಬೀಳುವ ಸದ್ದು, ಅದನ್ನು ಕೇಳುವ ನಾನು, ನಡುವಿನ ಗೆರೆ ಅಳಿಸಿಹೋಯಿತು. ಮಳೆಯಷ್ಟೇ. ಗಂಟೆ ಬಾರಿಸಿದಾಗ ಕಣ್ಣಲ್ಲಿ ನೀರಿತ್ತು.

ದೋಕುಸಾನ್‌ಗೆ, ಅಂದರೆ ಗುರುಗಳನ್ನು ಒಬ್ಬೊಬ್ಬರಾಗಿ ಕಾಣುವ ಭೇಟಿಗೆ, ನನ್ನ ಸರದಿ ಬರುವಷ್ಟರಲ್ಲಿ ಮಾತನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ನಮಸ್ಕರಿಸಿ ಕುಳಿತು ಒಪ್ಪಿಸಿದೆ: ಕೇಳುವವನಿರಲಿಲ್ಲ, ಕೇಳಿಸುವುದೂ ಇರಲಿಲ್ಲ, ಎರಡೆಂಬುದೇ ಇರಲಿಲ್ಲ. ಗುರುಗಳು ಕೊನೆಯವರೆಗೂ ಕೇಳಿಸಿಕೊಂಡರು.

"ಈಗ ಮಳೆ ಬರುತ್ತಿದೆಯೇ?"

ನಾನು ಕಿವಿಗೊಟ್ಟು ಆಲಿಸಬೇಕಾಯಿತು. ಹೊರಗೆ ಧೋ ಎಂದು ಸುರಿಯುತ್ತಿತ್ತು! ಅಷ್ಟು ಹೊತ್ತೂ ಮಳೆಯ ಗುಣಗಾನ ಮಾಡುತ್ತ ಕುಳಿತವನಿಗೆ ಒಂದು ಹನಿಯೂ ಕೇಳಿಸಿರಲಿಲ್ಲ.

"ಬರುತ್ತಿದೆ," ಎಂದೆ.

ಅವರು ಕೈಗಂಟೆ ಅಲ್ಲಾಡಿಸಿದರು. ಅಲ್ಲಿಗೆ ಮುಗಿಯಿತು.

ಹೊರಬಂದರೆ ನನ್ನ ಕೊಡೆ ಇಲ್ಲ. ಪಕ್ಕದ ಆಸನದ ಮಹಾಶಯ ಅದನ್ನು ಹಿಡಿದು ಗಂಭೀರವಾಗಿ ಊಟದ ಮನೆಯತ್ತ ನಡೆದಿದ್ದಾನೆ. ಮೊದಲ ಸಂಜೆ, ಮೌನ ಶುರುವಾಗುವ ಮುನ್ನ, ತನಗಾದ ಕೆನ್ಶೋವನ್ನು, ಅಂದರೆ ನಿಜಸ್ವರೂಪದ ದರ್ಶನವನ್ನು, ಲಾಟರಿ ಹೊಡೆದವನ ಹಾಗೆ ವರ್ಣಿಸಿದ್ದವನು ಈತನೇ. ಆಗ ನಾನು ಒಳಗೊಳಗೇ ನಕ್ಕಿದ್ದೆ. ಈಗ ಮೌನದ ನಿಯಮವಿತ್ತು, ಇಲ್ಲದಿದ್ದರೆ ಕೂಗಿಯೇಬಿಡುತ್ತಿದ್ದೆ. ಅರ್ಧ ಗಂಟೆಯ ಹಿಂದೆ ಮಳೆಯೇ ಆಗಿದ್ದವನು ತಲೆಯ ಮೇಲೆ ನಾಲ್ಕು ಹನಿ ಬಿದ್ದದ್ದಕ್ಕೆ ಹಲ್ಲು ಕಡಿಯುತ್ತಿದ್ದೆ.

ಕೂತಾಗ ಕಾಣುವ ಬೆಳಕು, ಉಕ್ಕುವ ಆನಂದ, ಇವನ್ನೆಲ್ಲ ಝೆನ್‌ನಲ್ಲಿ ಮಕ್ಯೋ ಎನ್ನುತ್ತಾರೆ. ಆ 'ಮ' ಬುದ್ಧನನ್ನು ಕಾಡಿದ ಮಾರನದೇ. ನನ್ನ ಮಳೆಯೂ ಮಕ್ಯೋವೇ ಎಂದು ಗುರುಗಳು ಹೇಳಲಿಲ್ಲ. ಹಾಗಾಗಿ ಈಗಲೂ ನನಗೊಂದು ದುರಾಸೆ ಉಳಿದಿದೆ. ಆದರೆ ಲೆಕ್ಕ ಹಾಕಿದರೆ, ಎರಡಿಲ್ಲ ಎಂದು ವರದಿ ಒಪ್ಪಿಸಲು ಎದ್ದು ಹೋದನಲ್ಲ, ಅವನೇ ಎರಡನೆಯವನು. ಅನುಭವವನ್ನು ಒಡವೆ ಮಾಡಿಕೊಂಡು ತೋರಿಸಲು ಹೊರಟಿದ್ದ. ಅದ್ವೈತ ಎಂಬ ಪದ ಕಟ್ಟಿದವರು 'ಒಂದು' ಎನ್ನದೆ 'ಎರಡಲ್ಲ' ಎಂದಷ್ಟೇ ಹೇಳಿ ನಿಲ್ಲಿಸಿದ್ದಾರೆ. ಝೆನ್‌ನವರು ಇನ್ನೂ ಜುಗ್ಗರು: ಎರಡೂ ಅಲ್ಲ, ಒಂದೂ ಅಲ್ಲ. ನನ್ನಂಥವನು ಆ 'ಒಂದ'ನ್ನೂ ಜೇಬಿಗಿಳಿಸುತ್ತಾನೆಂಬ ಅನುಮಾನ ಅವರಿಗೆ ಇದ್ದಿರಬೇಕು.

ಕೊಡೆ ಸಂಜೆಯೇ ಸಿಕ್ಕಿತು, ಒಂದು ಕಡ್ಡಿ ಮುರಿದಿತ್ತು.

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ: "ಮಳೆ ಬರುತ್ತಿದೆಯಲ್ಲೋ, ಕೇಳಿಸುವುದಿಲ್ಲವೇ? ಬಟ್ಟೆ!"

ಮಹಡಿಗೆ ಓಡಿದೆ. ಟವೆಲುಗಳು ಆಗಲೇ ತೊಯ್ದಿದ್ದವು.