ಯಾರೂ ನೋಡದ ಗ್ರಹದ ಒಡಲು ನಿಮಗೆ ಹೇಗೆ ಗೊತ್ತು?

"ಭೂಮಿಯೊಳಗೆ ಯಾರೂ ಇಳಿದಿಲ್ಲ. ಹಾಗಿದ್ದರೂ ಸಾವಿರಾರು ಕಿಲೋಮೀಟರ್ ಆಳದಲ್ಲಿ ಇಂಥದೇ ಖನಿಜ ಇದೆ ಎಂದು ಹೇಗೆ ಹೇಳುತ್ತೀರಿ?" ಖನಿಜ ಭೌತವಿಜ್ಞಾನದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಸಂಶಯ ನ್ಯಾಯವಾದದ್ದೇ. ರಷ್ಯಾದ ಕೋಲಾದಲ್ಲಿ ಕೊರೆದ ಬಾವಿ 12,262 ಮೀಟರಿಗೆ ನಿಂತುಹೋಯಿತು. ಭೂಮಿಯ ಕೇಂದ್ರ ಇರುವುದು 6,371 ಕಿಲೋಮೀಟರ್ ಕೆಳಗೆ.

ಭೂಕಂಪದ ಅಲೆಗಳು ಯಾವ ಆಳದಲ್ಲಿ ಎಷ್ಟು ವೇಗವಾಗಿ ಸಾಗುತ್ತವೆ ಎಂಬುದನ್ನು ಅಳೆಯಬಹುದು. ಆದರೆ ವೇಗ ತಾನಾಗಿ ಖನಿಜದ ಹೆಸರು ಹೇಳುವುದಿಲ್ಲ. ಅದಕ್ಕಾಗಿ ಆ ಆಳದ ಒತ್ತಡವನ್ನೂ ತಾಪವನ್ನೂ ಲ್ಯಾಬಿನಲ್ಲಿ ಸೃಷ್ಟಿಸಿ, ಒಂದೊಂದು ಖನಿಜದ ಸಾಂದ್ರತೆ, ಗಡಸುತನ, ಅಲೆಯ ವೇಗಗಳನ್ನು ಅಳೆದು ತಾಳೆ ನೋಡಬೇಕು. ತಾಳೆಯಾಗದ್ದನ್ನು ಕೈಬಿಡುತ್ತಾ ಹೋಗುತ್ತೇವೆ. ಈ ವಿಜ್ಞಾನದ ನಿಜವಾದ ಬಲ ಇರುವುದು ಈ ಕೈಬಿಡುವುದರಲ್ಲೇ ಎಂದು ನನ್ನ ನಂಬಿಕೆ.

ಇದರ ಮುಖ್ಯ ಉಪಕರಣವಾದ, ಎರಡು ವಜ್ರಗಳ ನಡುವೆ ಮಾದರಿಯನ್ನು ಒತ್ತುವ ಡೈಮಂಡ್ ಆನ್ವಿಲ್ ಸೆಲ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು, ಆದ್ದರಿಂದ ವಿಸ್ತೀರ್ಣ ಕಿರಿದಾದರೆ ದೈತ್ಯ ಯಂತ್ರ ಬೇಡ. ತುದಿಯನ್ನು 0.1 ಮಿಲಿಮೀಟರ್ ವ್ಯಾಸಕ್ಕೆ ಚಪ್ಪಟೆಯಾಗಿ ಉಜ್ಜಿದ ಎರಡು ವಜ್ರಗಳ ನಡುವೆ 100 ಗಿಗಾಪಾಸ್ಕಲ್, ಅಂದರೆ ಸುಮಾರು 10 ಲಕ್ಷ ವಾತಾವರಣದಷ್ಟು ಒತ್ತಡ ಬರಬೇಕಾದರೆ ಆ ತುದಿಯ ಮೇಲೆ ಬೀಳಬೇಕಾದದ್ದು ಸುಮಾರು 80 ಕಿಲೋ ತೂಕದಷ್ಟು ಬಲ. ಸುತ್ತಲಿನ ಲೋಹವೂ ಭಾರ ಹೊರುವುದರಿಂದ ಒಟ್ಟು ಬಲ ಇನ್ನೂ ಹೆಚ್ಚು ಬೇಕು. ಆದರೂ ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿ ಅದನ್ನು ಪಡೆಯಬಹುದು.

ಎರಡು ವಜ್ರಗಳ ನಡುವೆ ಮಾದರಿಯನ್ನು ಹಿಡಿದಿಡುವ ರೀನಿಯಂ ಲೋಹದ ಹಾಳೆ, ಅಂದರೆ ಗ್ಯಾಸ್ಕೆಟ್ ಇರುತ್ತದೆ. ಸುಮಾರು 0.25 ಮಿಲಿಮೀಟರ್ ದಪ್ಪದ ಹಾಳೆಯನ್ನು ಮೊದಲು ಅದೇ ವಜ್ರಗಳಿಂದ ಒತ್ತಿ, 0.03 ಮಿಲಿಮೀಟರಿನಷ್ಟು ತೆಳುಮಾಡಿ, ನಟ್ಟನಡುವೆ ತೂತು ಕೊರೆಯುತ್ತಾರೆ. ಮಾದರಿ ಕೂರುವುದು ಆ ತೂತಿನಲ್ಲಿ. ಒತ್ತಡ ಎಲ್ಲ ಕಡೆಯಿಂದ ಸಮವಾಗಿ ಬೀಳಲೆಂದು ಸುತ್ತ ನಿಯಾನ್ ಅಥವಾ ಹೀಲಿಯಂ ತುಂಬುತ್ತಾರೆ. ತೂತು ನಡುವಿನಿಂದ ಕೊಂಚ ಸರಿದಿದ್ದರೂ ಒತ್ತಡ ಏರಿದಂತೆ ಅದು ಅಂಚಿನತ್ತ ಹರಿಯುತ್ತದೆ, ಕೊನೆಗೆ ವಜ್ರಗಳು ಒಡೆಯುತ್ತವೆ. ಒತ್ತಡ ಇಳಿಸುವಾಗಲೂ ಒಡೆಯಬಹುದು, ಅಲ್ಲಿ ಅವಸರ ಸಲ್ಲದು.

ವಜ್ರದ ಮೂಲಕ ಲೇಸರ್ ಹಾಯಿಸಿ ಮಾದರಿಯನ್ನು ಕಾಯಿಸುವುದು ಇನ್ನೂ ಕಷ್ಟ. ವಜ್ರ ಅತ್ಯುತ್ತಮ ಉಷ್ಣವಾಹಕ, ಹಾಗಾಗಿ ಮಾದರಿ ವಜ್ರಕ್ಕೆ ತಾಗಿದರೆ ಲೇಸರಿನ ಶಾಖವೆಲ್ಲ ಸೋರಿಹೋಗುತ್ತದೆ. ಎರಡೂ ಬದಿಗೆ ಆರ್ಗಾನ್ ಅಥವಾ ಮೆಗ್ನೀಸಿಯಂ ಆಕ್ಸೈಡಿನ ತೆಳು ಪದರ ಬೇಕೇ ಬೇಕು. ಲೇಸರ್ ಬಿದ್ದ ಜಾಗ ಬಿಸಿ, ಪಕ್ಕದ್ದು ತಂಪು ಆದರೆ ಕಬ್ಬಿಣದಂಥ ಧಾತುಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದು, ನಾವು ಇಟ್ಟ ಸಂಯೋಜನೆಯೇ ಅಲ್ಲಿ ಉಳಿಯುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ವಜ್ರದ ಇಂಗಾಲವೇ ಕಬ್ಬಿಣದೊಳಗೆ ನುಸುಳುವುದು. ಗಮನಿಸದಿದ್ದರೆ ಗ್ರಹದ ಕೇಂದ್ರಗೋಳದ ಬದಲು ಉಪಕರಣದ ಗುಣವನ್ನೇ ಅಳೆದಂತಾಗುತ್ತದೆ.

ಒಳಗಿನ ಒತ್ತಡ ಎಷ್ಟು ಎಂದು ತಿಳಿಯಲು ಮಾಣಿಕ್ಯದ ಒಂದು ಕಣ ಇಡುತ್ತಾರೆ. ಅದರ ಕೆಂಪು ಹೊಳಪಿನ 694.2 ನ್ಯಾನೊಮೀಟರ್ ರೇಖೆ ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 0.36 ನ್ಯಾನೊಮೀಟರ್ ಸರಿಯುತ್ತದೆ. ತಾಪ ಹೆಚ್ಚಾದರೆ ಈ ರೇಖೆ ಹರಡಿ ಮಸುಕಾಗುವುದರಿಂದ ಚಿನ್ನ ಅಥವಾ ಪ್ಲಾಟಿನಂ ಹರಳು ಎಷ್ಟು ಕುಗ್ಗಿದೆ ಎಂದು ಎಕ್ಸ್-ರೇಯಿಂದ ನೋಡಬೇಕಾಗುತ್ತದೆ. ಆ ಮಾಪಕಗಳೂ ಒಂದಕ್ಕೊಂದು ಪೂರ್ತಿ ಒಪ್ಪುವುದಿಲ್ಲ. ಉದಾಹರಣೆಗೆ, ಭೂಮಿಯಲ್ಲಿ 660 ಕಿಲೋಮೀಟರ್ ಆಳಕ್ಕೆ ಅಲೆಗಳ ವೇಗ ಥಟ್ಟನೆ ಏರುತ್ತದೆ. ರಿಂಗ್‌ವುಡೈಟ್ ಎಂಬ ಖನಿಜ ಅಲ್ಲಿ ಬ್ರಿಜ್‌ಮನೈಟ್ ಮತ್ತು ಫೆರೋಪೆರಿಕ್ಲೇಸ್ ಎಂಬ ಬೇರೆ ಖನಿಜಗಳಾಗಿ ಒಡೆಯುವುದೇ ಇದಕ್ಕೆ ಕಾರಣ ಎಂಬುದು ಒಪ್ಪಿತ ವಿವರಣೆ. 1998ರಲ್ಲಿ ದೊಡ್ಡ ಪ್ರೆಸ್ ಬಳಸಿ ನಡೆಸಿದ ಪ್ರಯೋಗದಲ್ಲಿ ಈ ಬದಲಾವಣೆ ನಿರೀಕ್ಷೆಗಿಂತ ಸುಮಾರು 2 ಗಿಗಾಪಾಸ್ಕಲ್ ಕಡಿಮೆ ಒತ್ತಡದಲ್ಲೇ ಕಂಡಿತು. ಆಳದ ಲೆಕ್ಕಕ್ಕೆ ಅದು ಸುಮಾರು 50 ಕಿಲೋಮೀಟರ್ ವ್ಯತ್ಯಾಸ! ಖನಿಜವೇ ತಪ್ಪೋ, ಚಿನ್ನದ ಮಾಪಕ ತಪ್ಪೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಆದ್ದರಿಂದಲೇ ಯಾವುದೇ ಫಲಿತಾಂಶ ಓದುವಾಗ ಯಾವ ಮಾಪಕ ಬಳಸಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಮಂಗಳದ ವಿಷಯದಲ್ಲಿ ಈ ತಾಳೆ ನೋಡುವ ಕೆಲಸ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದು ಸ್ಪಷ್ಟವಾಯಿತು. ಇನ್‌ಸೈಟ್ ನೌಕೆ ಮಂಗಳದ ಮೇಲೆ ಇಟ್ಟ ಕಂಪನಮಾಪಕದ ದತ್ತಾಂಶದಿಂದ 2021ರಲ್ಲಿ ಅದರ ಕೇಂದ್ರಗೋಳದ ತ್ರಿಜ್ಯ ಸುಮಾರು 1,830 ಕಿಲೋಮೀಟರ್ ಎಂದರು. ಅಷ್ಟು ದೊಡ್ಡದಾದರೆ ಸಾಂದ್ರತೆ ತೀರಾ ಕಡಿಮೆ. ಅದಕ್ಕೆ ಗಂಧಕ, ಆಮ್ಲಜನಕ, ಇಂಗಾಲ, ಜಲಜನಕಗಳು ಕಬ್ಬಿಣದಲ್ಲಿ ನಂಬಲು ಕಷ್ಟವಾಗುವಷ್ಟು ಬೆರೆತಿರಬೇಕು. 2023ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಲೆಕ್ಕಹಾಕಿ 1,650ರಿಂದ 1,675 ಕಿಲೋಮೀಟರ್ ಎಂದವು. ಅದರ ಮೇಲೆ ಸುಮಾರು 150 ಕಿಲೋಮೀಟರ್ ದಪ್ಪದ, ಕರಗಿದ ಸಿಲಿಕೇಟ್, ಅಂದರೆ ಕರಗಿದ ಕಲ್ಲಿನ ಪದರ ಇದೆ ಎಂಬುದು ಅವರ ತೀರ್ಮಾನ. ಸಾಗುವ ದಿಕ್ಕಿಗೆ ಅಡ್ಡಲಾಗಿ ಅಲುಗಿಸುವ ಕಂಪನದ ಅಡ್ಡ ಅಲೆಗಳು ದ್ರವದೊಳಗೆ ಸಾಗುವುದಿಲ್ಲ, ಅದು ಕರಗಿದ ಲೋಹವಾದರೂ ಸರಿ, ಕರಗಿದ ಕಲ್ಲಾದರೂ ಸರಿ. ಹಾಗಾಗಿ ಪದರದ ಮೇಲ್ಮೈಯಿಂದ ಮರಳಿದ ಅಲೆಯನ್ನೇ ಮೊದಲು ಕೇಂದ್ರಗೋಳದ ಅಂಚು ಎಂದು ಎಣಿಸಲಾಗಿತ್ತು.

ಆ ಪದರ ಮೇಲಕ್ಕೆ ತೇಲಿಹೋಗದೆ ತಳದಲ್ಲೇ ಉಳಿಯಬೇಕಾದರೆ ಮೇಲಿನ ಘನ ಕಲ್ಲಿನ ಪದರವಾದ ಮ್ಯಾಂಟಲ್‌ಗಿಂತ ಭಾರವಾಗಿರಬೇಕು, ಅಂದರೆ ಅದರಲ್ಲಿ ಕಬ್ಬಿಣ ಹೆಚ್ಚಿರಬೇಕು. ಅಲ್ಲಿನ ಒತ್ತಡ ಸುಮಾರು 20 ಗಿಗಾಪಾಸ್ಕಲ್, ಲ್ಯಾಬಿಗೆ ಆರಾಮವಾಗಿ ಎಟಕುವಂಥದ್ದು. ಆ ಒತ್ತಡದಲ್ಲಿ, ಕಬ್ಬಿಣ ಹೆಚ್ಚಿರುವ ಕರಗಿದ ಸಿಲಿಕೇಟಿನ ಸಾಂದ್ರತೆಯನ್ನು ಒಂದೊಂದು ಸಂಯೋಜನೆಗೂ ಅಳೆದರೆ ಈ ವಿವರಣೆ ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳಬಹುದು.